ಪಿಎಫ್ ದುಡ್ಡನ್ನು ಅದರ ಪಾಡಿಗೆ ಬಿಡಿ

ಹೋದ ಭಾನುವಾರ ವಾಕಡ್‌ನ ಗೆಳೆಯನ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಎಂಟು ಮಂದಿ, ಎಲ್ಲರೂ ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಕಡೆಯವರು, ಹೆಚ್ಚಿನವರು ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವವರು. ರೊಟ್ಟಿ ಎಣಗಾಯಿ ಮುಗಿಯುವ ಹೊತ್ತಿಗೆ ಮಾತು ಬಿಟ್‌ಕಾಯಿನ್‌ಗೆ ಬಂತು. "ಅಮೆರಿಕದಾಗ ಪೆನ್ಶನ್ ಖಾತೆಯೊಳಗ ಕ್ರಿಪ್ಟೊ ಇಡಾಕ ದಾರಿ ಮಾಡ್ಯಾರ. ನಮ್ಮ ಪಿಎಫ್‌ನಾಗ, ಎನ್‌ಪಿಎಸ್‌ನಾಗ ಯಾಕ ಬ್ಯಾಡ? ನಮ್ಮ ರೊಕ್ಕ, ನಮ್ಮ ಇಷ್ಟ" ಅಂದ ಒಬ್ಬ. ಆರು ಜನ ತಲೆಯಾಡಿಸಿದರು. ನಾನು ಬೇಡ ಅಂದೆ. ಆವತ್ತು ಸರಿಯಾಗಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನನ್ನದೇ ತಪ್ಪು ಒಪ್ಪಿಕೊಳ್ಳುತ್ತೇನೆ. 2021ರಲ್ಲಿ ಕೆಲಸ ಬಿಟ್ಟು ಮೂರು ತಿಂಗಳು ಖಾಲಿ ಕೂತಿದ್ದಾಗ ಆರು ವರ್ಷದ ಪಿಎಫ್ ಪೂರ್ತಿ ತೆಗೆದೆ. ಮೂರು ಲಕ್ಷ ನಲವತ್ತು ಸಾವಿರ. ನವೆಂಬರ್‌ನಲ್ಲಿ ಬಿಟ್‌ಕಾಯಿನ್ ಬೆಲೆ 69 ಸಾವಿರ ಡಾಲರ್ ಹತ್ತಿರ ಹೋದಾಗ ಎಲ್ಲವನ್ನೂ ಅದಕ್ಕೆ ಸುರಿದೆ. ಮುಂದಿನ ಜೂನ್‌ನಲ್ಲಿ ಊರಲ್ಲಿ ಅಪ್ಪನಿಗೆ ಎದೆನೋವು ಬಂತು, ಸ್ಟೆಂಟ್ ಹಾಕಬೇಕೆಂದರು. ಆಗ ಬಿಟ್‌ಕಾಯಿನ್ 20 ಸಾವಿರ ಡಾಲರ್ ಆಸುಪಾಸಿಗೆ ಇಳಿದಿತ್ತು. ಮಾರಿದಾಗ ಕೈಗೆ ಬಂದದ್ದು ಒಂದು ಲಕ್ಷ ಹತ್ತು ಸಾವಿರ. ಉಳಿದದ್ದಕ್ಕೆ ಅವ್ವನ ಬಳೆ ಅಡವಿಟ್ಟೆವು.

"ಮಾರದೆ ಇಟ್ಟಿದ್ರ ಇವತ್ತ ಲಾಭ ಆಗ್ತಿತ್ತು" ಅನ್ನುವವರಿದ್ದಾರೆ. ನಿಜ. 2024ರ ಡಿಸೆಂಬರ್‌ನಲ್ಲಿ ಅದು ಒಂದು ಲಕ್ಷ ಡಾಲರ್ ದಾಟಿತು. ಆದರೆ ಅಪ್ಪನ ಎದೆನೋವು ಡಿಸೆಂಬರ್ 2024ರವರೆಗೆ ಕಾಯುತ್ತಿರಲಿಲ್ಲ. ಕಷ್ಟಕ್ಕೆಂದು ಇಟ್ಟ ಹಣ ಕಷ್ಟ ಬಂದ ದಿನ ಇರಬೇಕು. ಆ ದುಡ್ಡು ಪಿಎಫ್‌ನಲ್ಲೇ ಉಳಿದಿದ್ದರೆ ಕಾಯಿಲೆಗೆಂದು ಮುಂಗಡ ಕೇಳಬಹುದಿತ್ತು.

ಈಗ ಅಮೆರಿಕದ ಮಾತು. 2022ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಯೇ ನಿವೃತ್ತಿ ಖಾತೆಗೆ ಕ್ರಿಪ್ಟೊ ಸೇರಿಸುವ ಮುನ್ನ ಅತಿ ಎಚ್ಚರ ಬೇಕು ಎಂದಿತ್ತು. 2025ರ ಮೇ ತಿಂಗಳಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಆಗಸ್ಟ್‌ನಲ್ಲಿ ಟ್ರಂಪ್ ಅವರ ಆದೇಶವೂ ಬಂತು. ಅಲ್ಲಿಯ ಜಾಣರ ವಾದ ಏನೇ ಇರಲಿ, ಅಲ್ಲಿ ದುಡಿಯುವವನಿಗೆ ಆ ಖಾತೆ ಮುಳುಗಿದರೂ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಉಳಿಯುತ್ತದೆ. ನಮಗೇನು ಉಳಿಯುತ್ತದೆ? 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿ, ಮೂಲ ವೇತನ 15 ಸಾವಿರ ದಾಟಿದವರು ಇಪಿಎಸ್ ಪಿಂಚಣಿಗೆ ಸದಸ್ಯರೇ ಅಲ್ಲ. ನಿಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ? ಪಾಸ್‌ಬುಕ್ ತೆಗೆದು ಪಿಂಚಣಿಯ ಕಾಲಂ ನೋಡಿ. ಸೊನ್ನೆ ಇದ್ದರೆ, ಮುಪ್ಪಿಗೆ ಆ ಪಿಎಫ್ ಗಂಟೊಂದೇ ಗತಿ. ಊರಲ್ಲಿ ಹೊಲವಿಲ್ಲ, ಇಲ್ಲಿ ಮನೆ ಬಾಡಿಗೆಯದು.

ನಮ್ಮಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಇಪಿಎಸ್ ಪಿಂಚಣಿ ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ಅಷ್ಟಕ್ಕೇ ನಾವು ನಗುತ್ತಿದ್ದೆವು. ಆದರೆ ಅದು ತಪ್ಪದೆ ಬರುತ್ತದೆ. ನಮಗೆ ಅಷ್ಟೂ ಇಲ್ಲ.

ಕ್ರಿಪ್ಟೊದ ಪಾಠ ಕಲಿಯಲು ಪುಣೆಯವರು ಅಮೆರಿಕಕ್ಕೆ ಹೋಗಬೇಕಿಲ್ಲ. ತಿಂಗಳಿಗೆ ನೂರಕ್ಕೆ ಹತ್ತರಂತೆ ಹದಿನೆಂಟು ತಿಂಗಳು ಕೊಡುತ್ತೇವೆ ಎಂದ ಗೇನ್‌ಬಿಟ್‌ಕಾಯಿನ್ ಪ್ರಕರಣದಲ್ಲಿ ಅಮಿತ್ ಭಾರದ್ವಾಜ್‌ನನ್ನು 2018ರಲ್ಲಿ ಬಂಧಿಸಿದವರು ಪುಣೆ ಪೊಲೀಸರೇ. 2022ರ ಜನವರಿಯಲ್ಲಿ ಅವನು ತೀರಿಕೊಂಡ. ಆ ಮಾರ್ಚ್‌ನಲ್ಲಿ ಇನ್ನೊಂದು ಸುದ್ದಿ: ತನಿಖೆಗೆ ನೆರವಾಗಲೆಂದು ಕರೆಸಿದ್ದ ಇಬ್ಬರು ಸೈಬರ್ ತಜ್ಞರನ್ನೇ ಪೊಲೀಸರು ಬಂಧಿಸಿದರು, ಜಪ್ತಿಯ ಕ್ರಿಪ್ಟೊವನ್ನೇ ಸಾಗಿಸಿದ ಆರೋಪದ ಮೇಲೆ. 2025ರಲ್ಲೂ ಸಿಬಿಐ ಶೋಧ ನಡೆಸುತ್ತಲೇ ಇತ್ತು.

ಅದು ಮೋಸಗಾರರ ಕತೆ, ಬಿಟ್‌ಕಾಯಿನ್‌ನ ತಪ್ಪಲ್ಲ ಅನ್ನುತ್ತೀರಿ. ಸರಿ, ಮೋಸವಿಲ್ಲದ ಕಡೆ ನೋಡೋಣ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಕಳವಾಯಿತು. ಗ್ರಾಹಕರು ತಮ್ಮ ಕ್ರಿಪ್ಟೊ ಮುಟ್ಟಲು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಇತ್ತ 1952ರ ಪಿಎಫ್ ಕಾಯ್ದೆ ಸಾಲ ಕೊಟ್ಟವನೂ ನಿಮ್ಮ ಪಿಎಫ್ ಜಪ್ತಿ ಮಾಡಬಾರದು ಎಂದಿತು. ಕೋರ್ಟಿನ ಅಮೀನನಿಗೂ ತೆರೆಯದ ಪೆಟ್ಟಿಗೆಯ ಕೀಲಿಯನ್ನು ಹ್ಯಾಕರ್ ಕೈಗೆಟುಕುವಲ್ಲಿ ಇಡಬೇಕೇ?

"2015ರಾಗ ಪಿಎಫ್ ಹಣ ಷೇರಿಗೆ ಹಾಕಿದಾಗೂ ಹಿಂಗ ಹೆದರಿದ್ರಿ" ಎಂಬುದು ಅವರ ಗಟ್ಟಿ ವಾದ. ಒಪ್ಪುತ್ತೇನೆ, ಹೆದರಿದ್ದೆವು. ಆದರೆ ಆಗ ಹಾಕಿದ್ದು ಹೊಸ ಹಣದ ನೂರಕ್ಕೆ ಐದು ಪಾಲು, ಅದೂ ಇಟಿಎಫ್ ಮೂಲಕ. ಷೇರಿನ ಹಿಂದೆ ಕಾರ್ಖಾನೆ, ದುಡಿಮೆ, ಲಾಭವಿದೆ. ಬಿಟ್‌ಕಾಯಿನ್ ಹಿಂದೆ ಇರುವುದು ನನಗಿಂತ ಹೆಚ್ಚು ಕೊಟ್ಟು ಕೊಳ್ಳುವ ಇನ್ನೊಬ್ಬ ಸಿಗುತ್ತಾನೆಂಬ ಆಸೆ. 2021ರಲ್ಲಿ ಆ ಇನ್ನೊಬ್ಬ ನಾನೇ.

ನಿಜ ಹೇಳಿ, ನಿಮಗೆ ಬೇಕಿರುವುದು ಪಿಂಚಣಿಯೋ, ತೆರಿಗೆಯಿಂದ ಪಾರಾಗುವ ದಾರಿಯೋ? 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ 30 ಪರ್ಸೆಂಟ್ ತೆರಿಗೆ, ಜುಲೈನಿಂದ ಮಾರಿದಾಗಲೆಲ್ಲ 1 ಪರ್ಸೆಂಟ್ ಟಿಡಿಎಸ್. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಈ ಕೊನೆಯದು ಅನ್ಯಾಯವೇ. ಅದನ್ನು ಬದಲಿಸಿ ಎಂದು ಕೇಳಿ, ನಾನೂ ಸಹಿ ಹಾಕುತ್ತೇನೆ. ಆದರೆ ಪಿಎಫ್‌ಗೆ ಸಿಗುವ ತೆರಿಗೆ ರಿಯಾಯಿತಿ ಸರ್ಕಾರದ ಬೊಕ್ಕಸ ಬಿಟ್ಟುಕೊಡುವ ಹಣ. ಸೋಪಿಗೂ ಬಿಸ್ಕಿಟ್ಟಿಗೂ ಜಿಎಸ್‌ಟಿ ಕೊಡುವ ರಿಕ್ಷಾದವನ ಪಾಲೂ ಅದರಲ್ಲಿದೆ. ಜನ ಮುಪ್ಪಿನಲ್ಲಿ ಕೈಚಾಚದಿರಲಿ ಎಂದು ಕೊಟ್ಟ ರಿಯಾಯಿತಿ ಅದು. ಅವನ ಖರ್ಚಿನಲ್ಲಿ ನಾವು ಜೂಜಾಡುವುದು "ನಮ್ಮ ರೊಕ್ಕ, ನಮ್ಮ ಇಷ್ಟ" ಹೇಗಾಗುತ್ತದೆ?

ಕ್ರಿಪ್ಟೊ ಕೊಳ್ಳಲೇಬೇಡಿ ಎನ್ನುತ್ತಿಲ್ಲ. ಬಾಡಿಗೆ, ಊರಿಗೆ ಕಳಿಸುವುದು, ವಿಮೆ ಎಲ್ಲ ಕಳೆದು ಉಳಿದದ್ದರಲ್ಲಿ, ಹೋದರೂ ನಿದ್ದೆ ಕೆಡದಷ್ಟು ಹಾಕಿ, ತೆರಿಗೆ ಕಟ್ಟಿ. ಕೆಲಸ ಬದಲಿಸುವಾಗ ಮಾತ್ರ ಪಿಎಫ್ ಹಣ ತೆಗೆಯಬೇಡಿ, ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿ. ನಾನು ಆವತ್ತು ಅಷ್ಟು ಮಾಡಿದ್ದರೆ ಅವ್ವನ ಬಳೆ ಅವ್ವನ ಕೈಯಲ್ಲೇ ಇರುತ್ತಿದ್ದವು. ಬಿಡಿಸಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.