‘ಸಂಸ್ಕಾರ’ದಲ್ಲಿ ಮರೆಯಾದ ಪ್ರತಿಜ್ಞೆ

ಕನ್ನಡ ಕ್ಯಾಥೊಲಿಕ್ ಕ್ರೈಸ್ತರು ತಮ್ಮ ಏಳು ‘ಸಾಕ್ರಮೆಂಟು’ಗಳನ್ನು ಸಂಸ್ಕಾರಗಳೆಂದು ಕರೆಯುತ್ತಾರೆ. ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ, ವಿವಾಹ ಇವೇ ಆ ಏಳು. ಸಂಸ್ಕಾರವೆಂಬುದು ಸೊಗಸಾದ ಮಾತು. ನಮ್ಮ ಕಿವಿಗೆ ಬಹುಕಾಲದಿಂದ ಪಳಗಿದ್ದು. ಗೌತಮ ಧರ್ಮಸೂತ್ರ 40 ಸಂಸ್ಕಾರಗಳನ್ನು ಎಣಿಸಿತು; ಲೋಕರೂಢಿ 16ನ್ನು ಉಳಿಸಿಕೊಂಡಿತು. ಆದರೆ ಈ ಬಳಕೆಯೇ ಒಂದು ಅರ್ಥವನ್ನು ಮರೆಸಿದೆಯೆಂದು ನನಗೆ ತೋರುತ್ತದೆ.

ಸಂಸ್ಕರಿಸುವುದೆಂದರೆ ಶುದ್ಧಿಗೊಳಿಸುವುದು, ಅಣಿಗೊಳಿಸುವುದು. ಸಂಸ್ಕಾರ ಹೊಂದುವವನು ಅಲ್ಲಿ ಪಡೆಯುವವನು. ಲ್ಯಾಟಿನ್ನಿನ ‘ಸಾಕ್ರಮೆಂತುಂ’ ಬೆಳೆದುಬಂದ ನೆಲವೇ ಬೇರೆ. ರೋಮಿನಲ್ಲಿ ವ್ಯಾಜ್ಯ ಹೂಡಿದವರು ಪಣವಾಗಿಡುತ್ತಿದ್ದ ಹಣಕ್ಕೆ ಆ ಹೆಸರಿತ್ತು. ಸೈನ್ಯ ಸೇರುವವನ ಪ್ರತಿಜ್ಞೆಗೂ ಅದೇ ಹೆಸರು. ಸುಮಾರು ಕ್ರಿ.ಶ. 112ರಲ್ಲಿ ಬಿಥೀನಿಯದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರೇಜನನಿಗೆ ಕ್ರೈಸ್ತರನ್ನು ಕುರಿತು ಓಲೆ ಬರೆದನು. ಅವರು ಬೆಳಗಾಗುವ ಮುನ್ನ ಕೂಡಿ, ಕಳವು, ಹಾದರ, ವಚನಭಂಗಗಳಿಗೆ ಎಳಸೆವೆಂದು ತಮ್ಮನ್ನು ಕಟ್ಟಿಕೊಳ್ಳುವರೆಂದು ಹೇಳುವಾಗ ಅವನ ಲೇಖನಿಗೆ ಬಂದ ಪದವೂ ಇದೇ. ಕಾರ್ಥೇಜಿನ ತೆರ್ತುಲ್ಲಿಯನನು ಜ್ಞಾನಸ್ನಾನದ ಮಾತನ್ನು ಯೋಧನ ಪ್ರತಿಜ್ಞೆಗೇ ಹೋಲಿಸಿದನು. ರಹಸ್ಯವೆಂಬರ್ಥದ ಗ್ರೀಕ್ ಪದ ‘ಮಿಸ್ತೇರಿಯೊನ್’ಗೂ ಹಳೆಯ ಲ್ಯಾಟಿನ್ ಭಾಷಾಂತರಕಾರರು ಇದನ್ನೇ ಬಳಸಿದರು.

ಏಳೆಂಬ ಎಣಿಕೆ ಬಹು ತಡವಾಗಿ ಬಂತು. ಸಂತ ಅಗಸ್ತೀನನು ದೀಕ್ಷಾರ್ಥಿಗೆ ಕೊಡುವ ಉಪ್ಪನ್ನೂ ಸಾಕ್ರಮೆಂತುಂ ಎಂದವನು. 12ನೆಯ ಶತಮಾನದಲ್ಲಿ ಪೀಟರ್ ಲೊಂಬಾರ್ಡನು ಏಳನ್ನು ಹೆಸರಿಸಿದನು. 1439ರಲ್ಲಿ ಫ್ಲಾರೆನ್ಸಿನ, 1547ರಲ್ಲಿ ಟ್ರೆಂಟಿನ ಮಹಾಸಭೆಗಳು ಅದನ್ನು ಸ್ಥಿರಪಡಿಸಿದವು. ಏಳನ್ನೂ ಕ್ರಿಸ್ತನೇ ಸ್ಥಾಪಿಸಿದನೆಂಬುದು ಟ್ರೆಂಟಿನ ಘೋಷಣೆ. ಎಣಿಕೆ ತಡವಾದ ಮಾತ್ರಕ್ಕೆ ಆಚರಣೆ ತಡವಾದುದೆಂದಲ್ಲ. ವ್ಯಾಕರಣ ಬರೆಯುವ ಮುನ್ನವೂ ಜನ ಮಾತನಾಡುತ್ತಿದ್ದರಷ್ಟೆ!

ಹೆಸರಿನಲ್ಲೇನಿದೆ ಎನ್ನುವವರುಂಟು. ‘ಅಂತಿಮ ಅಭ್ಯಂಗ’ವೆಂಬ ಹೆಸರಿದ್ದಾಗ ಗುರುಗಳನ್ನು ಕರೆಯುವುದೆಂದರೆ ಆಸೆ ಬಿಟ್ಟಂತೆ ಎಂಬ ಭಯವಿತ್ತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ‘ರೋಗಿಗಳ ಅಭ್ಯಂಗ’ವೇ ತಕ್ಕ ಹೆಸರೆಂದಿತು; 1972ರಲ್ಲಿ ಆರನೆಯ ಪೌಲರು ವಿಧಿಯನ್ನೇ ಪರಿಷ್ಕರಿಸಿದರು. ಸಂಸ್ಕಾರವೆಂಬ ಪದವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಧರ್ಮೋಪದೇಶದ ತರಗತಿಯಲ್ಲಿ ಅದನ್ನು ಕಲಿಸುವಾಗ ಆ ಯೋಧನನ್ನೂ ನೆನೆಯಲಿ. ಕೃಪೆ ದೇವರದೆಂಬ ಅವರ ನಂಬಿಕೆಗೆ ಇದರಿಂದ ಕುಂದಿಲ್ಲ. ಕೃಪೆಗೆ ಮನುಷ್ಯನ ಉತ್ತರವೂ ಬೇಕಷ್ಟೆ.

ಆ ಉತ್ತರ ವಿಧಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಪಾಶ್ಚಾತ್ಯ ಸಂಪ್ರದಾಯದಲ್ಲಿ ವಿವಾಹ ಸಂಸ್ಕಾರವನ್ನು ನೀಡುವವರು ವಧೂವರರೇ. ಗುರುಗಳು ಧರ್ಮಸಭೆಯ ಪರವಾಗಿ ಅವರ ಸಮ್ಮತಿಯನ್ನು ಕೇಳಿ ಪಡೆಯುವವರು. ಮಾತು ಬಾರದ ಕೂಸಿಗಾಗಿ ಹೆತ್ತವರೂ ಜ್ಞಾನ ತಂದೆತಾಯಿಗಳೂ ನುಡಿದ ಪ್ರತಿಜ್ಞೆಯನ್ನು ಬೆಳೆದ ಮೇಲೆ ಪ್ರತಿ ಈಸ್ಟರ್ ಜಾಗರಣೆಯ ರಾತ್ರಿ, ಉರಿಯುವ ಮೇಣದ ಬತ್ತಿಯನ್ನು ಹಿಡಿದು ನಿಂತು, ಅವರವರೇ ನುಡಿಯಬೇಕು.