ಮಂಗನಬಾವು: ಲಸಿಕೆ ಪಟ್ಟಿಯಿಂದ ಹೊರಗುಳಿದ ಅಪಾಯ

2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾಯಿತು. ಸಾವಿಗೂ ಹುಟ್ಟುದೋಷಗಳಿಗೂ ಕಾರಣವಾಗುವ ಈ ಎರಡು ರೋಗಗಳಿಗೆ ಸರ್ಕಾರ ಆದ್ಯತೆ ನೀಡಿದ್ದು ಸರಿಯೇ. ಆದರೆ ಖಾಸಗಿ ಆಸ್ಪತ್ರೆಗಳಲ್ಲಿ ಹಣ ತೆತ್ತು ಹಾಕಿಸಿಕೊಳ್ಳುವ ಎಂಎಂಆರ್ ಲಸಿಕೆಯಲ್ಲಿರುವ ಮೂರನೆಯ ರಕ್ಷಣೆ, ಅಂದರೆ ಮಂಗನಬಾವಿನ ವಿರುದ್ಧದ ರಕ್ಷಣೆ, ಅದರಲ್ಲಿ ಇರಲಿಲ್ಲ. 2024ರ ಆರಂಭದಲ್ಲಿ ನೆರೆಯ ಕೇರಳದಲ್ಲಿ ಈ ರೋಗ ಸಾವಿರಾರು ಮಂದಿಯನ್ನು ಬಾಧಿಸಿದಾಗ ಆ ಕೊರತೆ ಚರ್ಚೆಗೆ ಬಂದಿತು.

ಗದ್ದಬಾವು ಎಂದೂ ಕರೆಯಲಾಗುವ ಈ ಸೋಂಕಿಗೂ ಮಲೆನಾಡಿನ ಮಂಗನ ಕಾಯಿಲೆಗೂ ಸಂಬಂಧವಿಲ್ಲ. ಮಕ್ಕಳಲ್ಲಿ ಇದು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ವಾಸಿಯಾಗುವುದರಿಂದ ಯಾರೂ ಗಂಭೀರವಾಗಿ ಪರಿಗಣಿಸುವುದಿಲ್ಲ. ಪ್ರಾಯಕ್ಕೆ ಬಂದ ಗಂಡಸರಲ್ಲಿ ಮಾತು ಬೇರೆ. ಲಸಿಕೆ ಪಡೆಯದವರ ಪೈಕಿ ಶೇ 30ರವರೆಗೂ ವೃಷಣದ ಉರಿಯೂತ ಕಾಣಿಸಿಕೊಳ್ಳಬಹುದು. ವೃಷಣವನ್ನು ಆವರಿಸಿರುವ ಗಟ್ಟಿ ಪೊರೆ ಸುಲಭವಾಗಿ ಹಿಗ್ಗುವುದಿಲ್ಲ. ಹೀಗಾಗಿ ಒಳಗಿನ ಊತದ ಒತ್ತಡಕ್ಕೆ ವೀರ್ಯಾಣು ಉತ್ಪಾದಿಸುವ ನಾಳಗಳು ಘಾಸಿಗೊಳ್ಳುತ್ತವೆ. ಬಾಧಿತ ವೃಷಣಗಳಲ್ಲಿ ಶೇ 30ರಿಂದ 50ರಷ್ಟು ಕ್ರಮೇಣ ಕುಗ್ಗುತ್ತವೆ.

ಹಾಗೆಂದು ಎದೆಗುಂದಬೇಕಿಲ್ಲ. ಬಹುತೇಕ ಪ್ರಕರಣಗಳಲ್ಲಿ ಒಂದೇ ವೃಷಣಕ್ಕೆ ತೊಂದರೆಯಾಗುತ್ತದೆ. ಸಂಪೂರ್ಣ ಬಂಜೆತನ ವಿರಳ. ಕೋವಿಡ್ ಸೇರಿದಂತೆ ಯಾವುದೇ ಸೋಂಕಿನ ತೀವ್ರ ಜ್ವರವೂ ವೀರ್ಯಾಣುಗಳ ಸಂಖ್ಯೆಯನ್ನು ತಾತ್ಕಾಲಿಕವಾಗಿ ತಗ್ಗಿಸಬಲ್ಲದು. ಹೊಸ ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಜ್ವರ ಬಿಟ್ಟ ಕೂಡಲೇ ಮಾಡಿಸಿದ ಪರೀಕ್ಷೆಯೇ ಅಂತಿಮ ತೀರ್ಪಲ್ಲ.

2021ರ ಜನವರಿಯಲ್ಲಿ ಕೋವಿಡ್ ಲಸಿಕೆಯಿಂದ ಪುರುಷತ್ವ ಹೋಗುತ್ತದೆಂಬ ವದಂತಿ ಹಬ್ಬಿದಾಗ ದೇಶದ ಔಷಧ ಮಹಾನಿಯಂತ್ರಕರೇ ಅದನ್ನು ತಳ್ಳಿಹಾಕಬೇಕಾಯಿತು. ನಿರಪಾಯಕಾರಿ ಲಸಿಕೆಗೆ ಬೆದರಿದ ನಾವು, ನಿಜವಾಗಿಯೂ ಹಾನಿ ಮಾಡುವ ರೋಗವನ್ನು ಮಕ್ಕಳಾಟವೆಂದು ಬಿಟ್ಟಿರುವುದು ವಿಪರ್ಯಾಸ.

ಒಂಬತ್ತು ತಿಂಗಳು, ಹದಿನೈದು ತಿಂಗಳು ಹಾಗೂ ನಾಲ್ಕರಿಂದ ಆರು ವರ್ಷದ ನಡುವೆ ಎಂಎಂಆರ್ ಕೊಡಿಸುವಂತೆ ಭಾರತೀಯ ಮಕ್ಕಳ ತಜ್ಞರ ಸಂಘ ಶಿಫಾರಸು ಮಾಡಿದೆ. ಆದರೆ ಅಂಗನವಾಡಿಯ ಲಸಿಕೆಯನ್ನೇ ನೆಚ್ಚಿದ ಕೂಲಿಕಾರ್ಮಿಕನ ಮಗನಿಗೆ ಈ ಶಿಫಾರಸು ತಲುಪುವುದು ಹೇಗೆ? ಮುಂದೊಂದು ದಿನ ಅವನಿಗೆ ಸಂತಾನ ತಡವಾದರೆ ಮನೆಯವರ ಬೆರಳು ಮೊದಲು ತೋರುವುದು ಸೊಸೆಯತ್ತ. ಅವನಿಗೆ ಹಿಂದೆ ಗದ್ದಬಾವು ಬಂದಿತ್ತೇ ಎಂದು ಕೇಳುವವರು ವಿರಳ. ಸಾವಿನ ಲೆಕ್ಕವನ್ನಷ್ಟೇ ನೋಡುವ ಆರೋಗ್ಯ ನೀತಿ ಈ ಮೌನ ಸಂಕಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿದೆ.