ಮುಷ್ಕರಕ್ಕೆ ಮಿಲಿಟ್ರಿ ಮದ್ದೇ?

ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ನೋಡುತ್ತ ನಿಂತಿದ್ದೆ. ಪಕ್ಕದಲ್ಲಿ ಮುಷ್ಕರದ ಮಾತು ಬಂತು. "ಮಿಲ್ಟ್ರಿ ಕರುಸ್ಬೇಕು ಕಣಣ್ಣ, ಎರಡೇ ದಿನ್ಕೆ ದಾರಿಗೆ ಬತ್ತಾರೆ" ಎಂದರು ಒಬ್ಬ ರೈತರು. ಸುತ್ತಲಿದ್ದವರೆಲ್ಲ ಹೂಂಗುಟ್ಟಿದರು. ಈ ಸಿಟ್ಟು ಸುಳ್ಳಲ್ಲ. ಲಾರಿ ನಿಂತರೆ ಕೊಳೆಯುವುದು ನಮ್ಮ ಟೊಮೆಟೊ, ಕಾರ್ಖಾನೆ ನಿಂತರೆ ಒಣಗುವುದು ನಾವು ಕಡಿದ ಕಬ್ಬು. ಸಂಬಳದವರ ಜಗಳಕ್ಕೆ ನಾವ್ಯಾಕೆ ದಂಡ ತೆರಬೇಕು?

ಆದರೆ ಮಿಲಿಟ್ರಿ ಕರೆಸಿ ನೋಡಿಯೂ ಆಗಿದೆ. 1974ರ ಮೇ 8ರಿಂದ ಸುಮಾರು ಇಪ್ಪತ್ತು ದಿನ ದೇಶದ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದ್ದರು. ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಕೇಳಿದ್ದು ಬೋನಸ್, ಎಂಟು ಗಂಟೆ ಕೆಲಸ, ಬೆಲೆಯೇರಿಕೆಗೆ ತಕ್ಕ ತುಟ್ಟಿಭತ್ಯೆ. ಮುಷ್ಕರ ಶುರುವಾಗುವ ಮೊದಲೇ, ಮೇ 2ರಂದು, ಜಾರ್ಜ್ ಅವರನ್ನು ಲಖನೌದಲ್ಲಿ ಹಿಡಿದರು. ಸಾವಿರಾರು ಜನ ಜೈಲಿಗೆ ಹೋದರು. ಹೆಂಡತಿ ಮಕ್ಕಳನ್ನು ಕ್ವಾರ್ಟರ್ಸಿನಿಂದ ಹೊರಹಾಕಿದ್ದೂ ಉಂಟು. ಕಾವಲಿಗೆ ಬಂದ ಬಿ.ಎಸ್.ಎಫ್., ಸಿ.ಆರ್.ಪಿ.ಗಳು ಸೈನ್ಯವಲ್ಲ, ಆದರೆ ನಮ್ಮ ಜನಕ್ಕೆ ಬಂದೂಕು ಹಿಡಿದವರೆಲ್ಲ ಮಿಲಿಟ್ರಿಯೇ.

ನಿಜವಾದ ಸೈನ್ಯದ ಕಥೆ ಬೇರೆ. ಟೆರಿಟೋರಿಯಲ್ ಆರ್ಮಿ ಎಂಬುದೊಂದಿದೆ. ತಮ್ಮ ತಮ್ಮ ಕಸುಬು ಮಾಡಿಕೊಂಡೇ ವರ್ಷದಲ್ಲಿ ಕೆಲವು ದಿನ ತರಬೇತಿ ಪಡೆಯುವವರ ಪಡೆ. ಅದರ ರೈಲ್ವೆ ತುಕಡಿಗಳಲ್ಲಿ ಇದ್ದವರು ರೈಲ್ವೆ ನೌಕರರೇ. ಯುದ್ಧ ಬಂದರೆ ರೈಲು ನಡೆಸಲು ಕಟ್ಟಿದ ಆ ತುಕಡಿಗಳನ್ನು 1974ರಲ್ಲಿ ಮುಷ್ಕರದ ವಿರುದ್ಧ ಕರೆದರು. ಕರೆ ಬಂದ ಮೇಲೆ ಅವನಿಗೆ ಸೈನ್ಯದ ಕಾನೂನು. ನಿನ್ನೆವರೆಗೆ ಜೊತೆಯಲ್ಲಿ ದುಡಿದವನ ಮುಷ್ಕರವನ್ನು ಇವತ್ತು ಇವನೇ ಮುರಿಯಬೇಕು. ಒಲ್ಲೆ ಎಂದರೆ ಶಿಕ್ಷೆ. ಅಣ್ಣನ ಹೊಲಕ್ಕೆ ತಮ್ಮನ ಕೈಲೇ ಬೇಲಿ ಹಾಕಿಸಿದ ಹಾಗಾಯಿತು.

ಮುಷ್ಕರ ಮುರಿಯಿತು. ಬೋನಸ್ಸಿನ ಬೇಡಿಕೆ ಮುರಿಯಲಿಲ್ಲ. 1979ರಲ್ಲಿ ಸರ್ಕಾರವೇ ಅದಕ್ಕೆ ಒಪ್ಪಬೇಕಾಯಿತು. ಸೈನಿಕ ಇಂಜಿನ್ ಓಡಿಸಬಲ್ಲ, ಸಂಬಳದ ಲೆಕ್ಕ ಬಗೆಹರಿಸಲಾರ. (ಅದೇ ಜಾರ್ಜ್ 1998ರಲ್ಲಿ ದೇಶದ ರಕ್ಷಣಾ ಮಂತ್ರಿಯಾದರು!)

ಹಾಗಂತ ಸೈನ್ಯ ಊರೊಳಕ್ಕೆ ಬರಲೇಬಾರದೆಂದು ನಾನು ಹೇಳುವುದಿಲ್ಲ. 2018ರ ಆಗಸ್ಟಿನಲ್ಲಿ ಪಕ್ಕದ ಕೊಡಗಿನಲ್ಲಿ ಗುಡ್ಡ ಜರಿದಾಗ ಜನರನ್ನು ಕಾಪಾಡಿದವರಲ್ಲಿ ಸೈನಿಕರೂ ಇದ್ದರು. ಮುಷ್ಕರದಲ್ಲೂ ಆಸ್ಪತ್ರೆಗೆ ನೀರು, ಕರೆಂಟು ನಿಲ್ಲದಂತೆ ನೋಡಿಕೊಳ್ಳಲಿ, ರೇಷನ್ ಸಾಗಿಸಲಿ. ಅಷ್ಟಕ್ಕೆ ನನ್ನ ತಕರಾರಿಲ್ಲ. ಮಾತುಕತೆಗೆ ಕೂರಬೇಕಾದ ಮಂತ್ರಿ, ಅಧಿಕಾರಿಗಳು ಕೂರದೆ ಸೈನಿಕನನ್ನು ಮುಂದೆ ದೂಡುವುದಕ್ಕೆ ತಕರಾರು. ಸಂಘ ಕಟ್ಟುವ ಹಕ್ಕು ಸೈನಿಕನಿಗಿಲ್ಲ. ತನಗಾಗಿ ಬಾಯಿ ತೆರೆಯಲಾಗದವನ ಕೈಯಲ್ಲಿ ಬಾಯಿ ತೆರೆದವನನ್ನು ಮುಚ್ಚಿಸುವುದು ಯಾವ ನ್ಯಾಯ?

ಇನ್ನು ನಮ್ಮ ವಿಷಯ. ಪಿರಿಯಾಪಟ್ಟಣ, ಹುಣಸೂರಿನ ಹೊಗೆಸೊಪ್ಪು ಬೆಳೆಗಾರರು ಬೆಲೆ ಬಿದ್ದಾಗ ಹರಾಜು ನಿಲ್ಲಿಸುತ್ತೇವೆ. ಕಬ್ಬಿನ ಬಾಕಿಗೆ ರಸ್ತೆಗಿಳಿಯುತ್ತೇವೆ. ಅದೂ ಮುಷ್ಕರವೇ ತಾನೆ? 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರ ಮೇಲೆ ಗುಂಡು ಹಾರಿಸಿದ್ದು ಪೊಲೀಸರು. ರೈಲ್ವೆಯವನ ಮೇಲೆ ಎತ್ತಿದ ಕೋಲು ನಾಳೆ ನಮ್ಮ ಮೇಲೆ ಬೀಳುವುದಿಲ್ಲವೆಂದು ಯಾರು ಬರೆದುಕೊಡುತ್ತಾರೆ? ಕೋಲು ಹಿಡಿಯುವವನಾದರೂ ಯಾರು? ನಮ್ಮದೇ ಹುಡುಗ. 2022ರಿಂದ ಅಗ್ನಿವೀರನಾಗಿ ನಾಲ್ಕು ವರ್ಷಕ್ಕೆ ಸೇರುತ್ತಾನೆ, ನಾಲ್ವರಲ್ಲಿ ಒಬ್ಬ ಉಳಿದಾನು, ಮಿಕ್ಕವರು ವಾಪಸು ಬಂದು ಕೆಲಸ ಹುಡುಕಬೇಕು. ರೈಲ್ವೆಯಲ್ಲೋ ಕಾರ್ಖಾನೆಯಲ್ಲೋ ಸಿಕ್ಕರೆ ಅವನೂ ಒಂದು ದಿನ ಗೇಟಿನ ಮುಂದೆ ಕೂತಾನು.

ಜಾತ್ರೆಯಲ್ಲಿ ಆ ರೈತರನ್ನು ಕೇಳಿದೆ: "ಯಜಮಾನ್ರೇ, ನಿಮ್ ಮಗನೂ ಮಿಲ್ಟ್ರಿಗೆ ಸೇರೋಕೆ ಓಡ್ತಾವ್ನಂತಲ್ಲ, ನಾಳೆ ನಾವು ಹರಾಜು ನಿಲ್ಸಿದ್ರೆ ಅವನ್ನೇ ಕಳಿಸ್ತಾರೆ, ಆಗ?" ಅವರು ಉತ್ತರ ಕೊಡಲಿಲ್ಲ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡತೊಡಗಿದರು.